ಪಾಲ್ಪಾ ಬೆಟ್ಟದ ಮಿಷನ್ ಆಸ್ಪತ್ರೆಯಲ್ಲಿ

ನೇಪಾಳದ ಮುಕ್ತಿನಾಥಕ್ಕೆ ಹೊರಟ ನಮ್ಮ ಕಡೆಯ ಯಾತ್ರಿಕರಲ್ಲಿ ಅನೇಕರು ಸುನೌಲಿ ಗಡಿ ದಾಟಿ, ಬುಟವಲ್ ಮೇಲೆ ಹಾದು, ಸಿದ್ಧಾರ್ಥ ಹೆದ್ದಾರಿಯಲ್ಲಿ ಪೋಖರಾಕ್ಕೆ ಏರುತ್ತಾರೆ. ನಾವು ನಡುದಾರಿಯಲ್ಲಿ, ತಾನ್ಸೇನ್ ಊರಿಗೆ ತಿರುಗುವ ಬರ್ತುಂಗ್‌ನಲ್ಲೇ ಇಳಿದೆವು. ಜೊತೆಗಿದ್ದ ಗೆಳತಿ ನರ್ಸ್. ಅವಳ ಹಳೆಯ ಸಹೋದ್ಯೋಗಿಯೊಬ್ಬರು ಪಾಲ್ಪಾ ಜಿಲ್ಲೆಯ ಬೆಟ್ಟದೂರು ತಾನ್ಸೇನಿನ ಯುನೈಟೆಡ್ ಮಿಷನ್ ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಬಂದಿದ್ದರು. ಅವರನ್ನು ನೋಡುವುದೇ ನಮ್ಮ ಪ್ರವಾಸದ ಉದ್ದೇಶ.

ಬುಟವಲ್ ಬಿಟ್ಟ ಕೂಡಲೇ ತಿನಾವು ನದಿಯ ಕಣಿವೆ ಇಕ್ಕಟ್ಟಾಗುತ್ತದೆ. ಸಿದ್ಧಬಾಬಾ ಗುಡಿಯ ಬಳಿ ಮೇಲಿನಿಂದ ಬಂಡೆ ಉರುಳುವುದು ಮಾಮೂಲು, ಅಲ್ಲಿ ಚಾಲಕರೂ ಕೈ ಮುಗಿದೇ ಮುಂದೆ ಹೋಗುತ್ತಾರೆ. ಮೂಳೆ ಮುರಿದ ರೋಗಿಯನ್ನು ಜೀಪಿನಲ್ಲಿ ಮಲಗಿಸಿಕೊಂಡು ಇಂಥ ತಿರುವುಗಳಲ್ಲಿ ಬರುವವರ ಪಾಡು ನೆನೆದು ನನಗೆ ಸಂಕಟವಾಯಿತು.

ಈ ಆಸ್ಪತ್ರೆ ಹುಟ್ಟಿದ್ದು ಹಕ್ಕಿಗಳಿಂದ. ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯ ಮೇಷ್ಟ್ರು, ಪಕ್ಷಿತಜ್ಞ ರಾಬರ್ಟ್ ಫ್ಲೆಮಿಂಗ್ 1949ರಲ್ಲಿ ಹಕ್ಕಿಗಳ ಅಧ್ಯಯನಕ್ಕೆಂದು ನೇಪಾಳದೊಳಗೆ ಬಂದರು. ಹೊರಗಿನವರಿಗೆ ಆ ದೇಶ ಆಗ ಬಹುಮಟ್ಟಿಗೆ ಮುಚ್ಚಿತ್ತು. 1951–52ರ ಚಳಿಗಾಲದಲ್ಲಿ ಅವರು ಮತ್ತೆ ತಾನ್ಸೇನಿಗೆ ಬಂದಾಗ ವೈದ್ಯೆಯಾದ ಹೆಂಡತಿ ಬೆಥೆಲ್ ಮತ್ತು ಡಾ. ಕಾರ್ಲ್ ಫ್ರೆಡರಿಕ್ಸ್ ಜೊತೆಗಿದ್ದರು. ಗಂಡ ಹಕ್ಕಿ ಹುಡುಕಲು ಹೋದರೆ ವೈದ್ಯರ ಮುಂದೆ ರೋಗಿಗಳ ಸಾಲು. ಇಲ್ಲೇ ಒಂದು ಆಸ್ಪತ್ರೆ ಮಾಡಿಕೊಡಿ ಎಂದು ಊರಿನವರು ಕೇಳಿಕೊಂಡರು. 1954ರಲ್ಲಿ ನಾಗಪುರದಲ್ಲಿ ಹಲವು ಮಿಷನ್‌ಗಳು ಸೇರಿ ಯುನೈಟೆಡ್ ಮಿಷನ್ ಟು ನೇಪಾಲ್ ಕಟ್ಟಿದವು. ಅದೇ ವರ್ಷ ತಾನ್ಸೇನಿನಲ್ಲಿ ಆಸ್ಪತ್ರೆ ಶುರುವಾಯಿತು. ಮತಾಂತರ ಮಾಡಕೂಡದು ಎಂಬುದು ಸರ್ಕಾರ ಹಾಕಿದ ಷರತ್ತು.

ಬೆಳಿಗ್ಗೆ ಹೊರರೋಗಿ ವಿಭಾಗದ ಅಂಗಳ ತುಂಬಿ ತುಳುಕುತ್ತಿತ್ತು. ಢಾಕಾ ಟೋಪಿಯ ಮುದುಕರು, ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಂಗಸರು. ದನಕ್ಕೆ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದವರು ಮೂಳೆ ವಾರ್ಡಿನಲ್ಲಿದ್ದರು, ಅವರಲ್ಲಿ ಹೆಂಗಸರೂ ಇದ್ದರು. ಒಲೆಯ ಹೊಗೆಯಲ್ಲೇ ಬದುಕು ಸವೆಸಿ ಉಸಿರು ಕಟ್ಟಿದವರು, ಚಳಿಗೆ ಬೆಂಕಿ ಕಾಯಿಸುವಾಗ ಸುಟ್ಟುಕೊಂಡ ಮಕ್ಕಳು ಪಕ್ಕದ ವಾರ್ಡುಗಳಲ್ಲಿ. ಪ್ರತಿ ಹಾಸಿಗೆಯ ಪಕ್ಕದಲ್ಲೂ ಒಬ್ಬ ಕುರುವಾ, ಅಂದರೆ ರೋಗಿಯ ಜೊತೆ ಬಂದ ನೆಂಟ. ಉಣಿಸುವುದು, ಮಗ್ಗುಲು ಬದಲಿಸುವುದು, ಔಷಧಿ ತರುವುದು ಎಲ್ಲಾ ಅವರದೇ ಕೆಲಸ. ಅವರಿಲ್ಲದಿದ್ದರೆ ವಾರ್ಡು ನಡೆಯುವುದೇ ಇಲ್ಲ.

ಸ್ವಯಂಸೇವಕರೆಂದರೆ ವಿದೇಶಿ ವೈದ್ಯರು ಎಂದೇ ನಾನು ತಿಳಿದಿದ್ದೆ. ಅಂಥವರೂ ಇದ್ದರು: ರಜೆಯ ಮೇಲೆ ಹೋದ ನೇಪಾಳಿ ಶಸ್ತ್ರಚಿಕಿತ್ಸಕರ ಪಾಳಿ ಹೊತ್ತ ಒಬ್ಬರು ನಿವೃತ್ತ ವೈದ್ಯರು, ವಾರ್ಡು ನೋಡಿ ಕಲಿಯಲು ಬಂದ ಎಳೆಯ ವೈದ್ಯಕೀಯ ವಿದ್ಯಾರ್ಥಿಗಳು. ಆದರೆ ನನ್ನ ಮನಸ್ಸಿನಲ್ಲಿ ಉಳಿದವರು ವೈದ್ಯರಲ್ಲ. ಹಿಂಭಾಗದ ಕೋಣೆಯಲ್ಲಿ ಆಮ್ಲಜನಕ ಯಂತ್ರವನ್ನು ಪೂರ್ತಿ ಬಿಚ್ಚಿ ಹರಡಿಕೊಂಡು ಕೂತಿದ್ದ ಉಪಕರಣ ತಂತ್ರಜ್ಞರು. ಪಕ್ಕದಲ್ಲಿ ಇಬ್ಬರು ನೇಪಾಳಿ ಹುಡುಗರು. ತಂತ್ರಜ್ಞರು ತಾವಾಗಿ ಒಂದು ತಿರುಪನ್ನೂ ತಿರುಗಿಸಲಿಲ್ಲ. ಬೆರಳು ತೋರಿಸುತ್ತಿದ್ದರು, ಹುಡುಗರು ಬಿಗಿಯುತ್ತಿದ್ದರು. ಯಂತ್ರಗಳು ದಾನವಾಗಿ ಬರುತ್ತವೆ, ಕೆಟ್ಟಾಗ ಬಿಡಿಭಾಗ ಸಿಗುವುದಿಲ್ಲ, ಅದಕ್ಕೇ ರಿಪೇರಿ ಇಲ್ಲಿಯವರ ಕೈಗೆ ಬರಬೇಕು ಎಂದರು. ಇಡೀ ಪ್ರವಾಸದಲ್ಲಿ ಸೇವೆಯ ಬಗ್ಗೆ ನಾನು ಕೇಳಿದ ಅತ್ಯಂತ ಸ್ಪಷ್ಟವಾದ ಮಾತು ಅದು.

ಸಂಜೆ ಗೆಳತಿಯ ಸಹೋದ್ಯೋಗಿ ಚಹಾಕ್ಕೆ ಕರೆದರು. ಮೊದಲ ತಿಂಗಳುಗಳಲ್ಲಿ ನೇಪಾಳಿ ಕಲಿತದ್ದೇ ಹೆಚ್ಚಂತೆ. ಹಿಂದಿ ಗೊತ್ತಿದ್ದರೆ ಸಾಕು ಅಂದುಕೊಂಡು ಬಂದಿದ್ದರು. ಹಳ್ಳಿಯ ಅಜ್ಜಿಯರು ನೋವು ಹೇಳಿಕೊಳ್ಳುವಾಗ ಅದು ಸಾಲುತ್ತಿರಲಿಲ್ಲ. ಇಲ್ಲಿನ ಹಿರಿಯ ನೇಪಾಳಿ ನರ್ಸ್‌ಗಳಿಂದ ತಾನು ಕಲಿತಷ್ಟನ್ನು ತಾನು ಕಲಿಸಿಲ್ಲ ಎಂದು ಅವರು ಹೇಳಿದಾಗ, ಅದು ವಿನಯದ ಮಾತು ಎಂದು ನನಗನ್ನಿಸಲಿಲ್ಲ. ಬರುವವರು ಬಂದು ಹೋಗುತ್ತಾರೆ. ರಾತ್ರಿ ಎರಡಕ್ಕೆ ಹೆರಿಗೆ ಕೋಣೆಯಲ್ಲಿ ನಿಂತಿರುವವರು ಪಾಲ್ಪಾದ ಹೆಣ್ಣುಮಕ್ಕಳೇ.

ಹಾಗಂತ ಬರುವವರು ಬೇಡ ಎಂದಲ್ಲ. ಅರಿವಳಿಕೆ, ಮೂಳೆ, ಮಕ್ಕಳ ವಿಭಾಗಗಳಲ್ಲಿ ಅನುಭವವಿದ್ದು, ಕೆಲವು ತಿಂಗಳಾದರೂ ನಿಲ್ಲಬಲ್ಲವರು ಖಂಡಿತ ಹೋಗಬೇಕು. ಭಾರತೀಯರಾದ ನಮಗೆ ವೀಸಾ ಬೇಕಿಲ್ಲ. ವೈದ್ಯರಾದರೆ ನೇಪಾಳ ವೈದ್ಯಕೀಯ ಪರಿಷತ್ತಿನಲ್ಲಿ ಮೊದಲೇ ನೋಂದಣಿ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಗೆಳತಿ ಬುಟವಲ್‌ಗೆ ಇಳಿಯುವ ಬಸ್ಸಿನಲ್ಲೇ ತನಗೆ ಬೇಕಾಗುವ ಕಾಗದಪತ್ರಗಳ ಪಟ್ಟಿ ಬರೆದುಕೊಂಡಳು.