ತಾಂಬ್ಡಿ ಸುರ್ಲಾದ ಹೊಳೆ ದಂಡೆಯಲ್ಲಿ ಮೂವತ್ತು ಫ್ರೇಮು

ವಾಸ್ಕೊದಲ್ಲಿ ನಮ್ಮ ಕಾಕಾ ಇದ್ದಾರೆ. ಬಂದರಿನ ಕೆಲಸಕ್ಕೆಂದು ಹುಬ್ಬಳ್ಳಿಯಿಂದ ಹೋದವರು ಅಲ್ಲೇ ಉಳಿದುಬಿಟ್ಟರು. ಅಕ್ಟೋಬರ್‌ನಲ್ಲಿ ಅವರ ಮನೆಗೆ ಹೋದಾಗ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಕ್ಯಾಮೆರಾ ಸಾಮಾನೇ ಜಾಸ್ತಿ ಇತ್ತು. "ಮಂದಿ ಗೋವಾಕ್ಕ ಸಮುದ್ರ ನೋಡಾಕ ಬರ್ತಾರ, ನೀ ಹುಳಾ ನೋಡಾಕ ಬಂದಿಯೇನೋ?" ಎಂದರು ಕಾಕು. ಹಾಗಂದರೂ ಬೆಳಗಿನ ಜಾವ ಎದ್ದು ಒಗ್ಗರಣೆ ಅವಲಕ್ಕಿ ಕಟ್ಟಿಕೊಟ್ಟರು.

ನಾಲ್ಕಕ್ಕೆ ಹೊರಟೆವು. ಗಾಡಿ ಕಾಕಾನ ಮಗನದು. ಫೋಂಡಾ ದಾಟಿದ ಮೇಲೆ ದಾರಿಯಲ್ಲಿ ಮಂಜು, ಎರಡೂ ಕಡೆ ಗೋಡಂಬಿ ಮರ. ತಾಂಬ್ಡಿ ಸುರ್ಲಾ ತಲುಪಿದಾಗ ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ.

ಇಲ್ಲಿಯ ಮಹಾದೇವ ಗುಡಿ ಕದಂಬರ ಕಾಲದ್ದು. 12-13ನೇ ಶತಮಾನದ ಕಪ್ಪು ಕಲ್ಲಿನ ಪುಟ್ಟ ಗುಡಿ, ಹಿಂದೆ ಪಶ್ಚಿಮ ಘಟ್ಟದ ಗೋಡೆ, ಪಕ್ಕದಲ್ಲೇ ಹೊಳೆ. ಒಂದು ಕಂಬದ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುವ ಕೆತ್ತನೆ ಇದೆ, ಅದನ್ನು ಬಗ್ಗಿ ನೋಡದೆ ಬರಬೇಡಿ. ಗೋವಾ ಸರ್ಕಾರದ ಬಸ್ಸುಗಳ ಹೆಸರೂ ಕದಂಬ ಎಂದೇ. ಆ ಹೆಸರು ಕಂಡಾಗಲೆಲ್ಲ ನಮ್ಮವರನ್ನೇ ಕಂಡ ಹಾಗೆ ಆಗುತ್ತದೆ. ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದಕ್ಕೇ ಟ್ರೈಪಾಡನ್ನು ಆವರಣದೊಳಗೆ ಬಿಚ್ಚಲಿಲ್ಲ. ಕೈಮುಗಿದು ಸೀದಾ ಹೊಳೆ ದಂಡೆಗೆ ಇಳಿದೆವು.

ಅಷ್ಟು ಬೇಗ ಹೋಗಿದ್ದು ಯಾಕೆಂದರೆ, ಬಿಸಿಲು ಏರುವ ಮುಂಚೆ ಕೀಟಗಳಿಗೆ ಹಾರುವಷ್ಟು ಮೈ ಕಾವು ಇರುವುದಿಲ್ಲ. ಇದ್ದಲ್ಲೇ ಇರುತ್ತವೆ. ನನಗೆ ಬೇಕಿದ್ದುದೂ ಅಂಥದ್ದೇ ಒಂದು ಹುಳ. ಹತ್ತು ನಿಮಿಷ ಹುಡುಕಿದ ಮೇಲೆ ಹುಲ್ಲಿನ ಎಸಳಿಗೆ ಅಂಟಿಕೊಂಡ ಡ್ಯಾಮ್ಸೆಲ್‌ಫ್ಲೈ ಸಿಕ್ಕಿತು. ನಾವು ಏರೋಪ್ಲೇನ್ ಚಿಟ್ಟೆ ಎನ್ನುತ್ತೇವಲ್ಲ, ಅದರ ಸಣಕಲು ತಂಗಿ ಇದು. ಕೂತಾಗ ರೆಕ್ಕೆಯನ್ನು ಬೆನ್ನ ಮೇಲೆ ಮಡಚಿಕೊಳ್ಳುತ್ತದೆ. ಮೈತುಂಬ ಇಬ್ಬನಿ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಹುಳ ನಿಜವಾಗಿ ಎಷ್ಟು ದೊಡ್ಡದೋ, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಮೂಡಿದರೆ ಅದು 1:1. ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ, ಎಫ್ 8 ಅಪರ್ಚರ್‌ನಲ್ಲಿ (ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ತೂರುವ ಕಿಂಡಿ, ಎಫ್ ಅಂಕಿ ಏರಿದಷ್ಟೂ ಅದು ಸಣ್ಣದು), ಆ ಅಳತೆಗೆ ಫೋಕಸ್ ಸಿಗುವ ದಪ್ಪ ಹೆಚ್ಚೆಂದರೆ 1 ಮಿಲಿಮೀಟರ್. ಕಣ್ಣು ಸಿಕ್ಕರೆ ಬೆನ್ನು ಮಸುಕು, ಬೆನ್ನು ಸಿಕ್ಕರೆ ಕಣ್ಣು ಮಸುಕು. ಹಾಗಾದರೆ ಎಫ್ 16ಕ್ಕೆ ಹೋದರಾಯಿತಲ್ಲ? ದಪ್ಪವೇನೋ ಎರಡರಷ್ಟಾಗುತ್ತದೆ. ಆದರೆ 1:1ರಲ್ಲಿ ಎಫ್ 16 ಕೆಲಸ ಮಾಡುವುದು ಎಫ್ 32ರ ಹಾಗೆ. ಅಷ್ಟು ಸಣ್ಣ ಕಿಂಡಿಯಲ್ಲಿ ತೂರುವಾಗ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಕಣ್ಣಿನ ಮೇಲಿನ ಸಣ್ಣ ಸಣ್ಣ ಚುಕ್ಕಿಗಳೆಲ್ಲ ಕರಗಿಹೋಗುತ್ತವೆ.

ಅದಕ್ಕೇ ಫೋಕಸ್ ಸ್ಟ್ಯಾಕಿಂಗ್. ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತ ಸಾಲಾಗಿ ಫೋಟೊ ತೆಗೆದು, ಒಂದೊಂದರಲ್ಲೂ ಸ್ಪಷ್ಟವಾಗಿರುವ ಭಾಗವನ್ನಷ್ಟೇ ಆರಿಸಿ ಒಂದೇ ಚಿತ್ರ ಮಾಡುವುದು. ಈಗ ಸುಮಾರು ಕ್ಯಾಮೆರಾಗಳು ಫೋಕಸನ್ನು ತಾವೇ ಸರಿಸುತ್ತವೆ. 2017ರಲ್ಲಿ ಬಂದ ನಿಕಾನ್ ಡಿ850 ಒಂದು ಸಲಕ್ಕೆ 300 ಫೋಟೊವರೆಗೂ ತೆಗೆಯುತ್ತಿತ್ತು. ನನಗೆ ಅಷ್ಟು ಬೇಕಿರಲಿಲ್ಲ. ಕಣ್ಣಿನಿಂದ ರೆಕ್ಕೆಯ ಬುಡದವರೆಗೆ ಸುಮಾರು 8-9 ಮಿಲಿಮೀಟರ್. ಫ್ರೇಮಿಗೆ 0.3 ಮಿಲಿಮೀಟರ್ ಸರಿಸಿದರೆ ಮೂವತ್ತು ಫ್ರೇಮು ಸಾಕು.

"ಒಂದ ಹುಳಕ್ಕ ಮೂವತ್ತ ಫೋಟೊ ಏನಣ್ಣಾ?" ಎಂದು ತಮ್ಮ ಬಾಯಿ ತೆರೆದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಗಾಳಿ ನಿಲ್ಲುವುದನ್ನು ಕಾಯುತ್ತಿದ್ದೆ. ಎಸಳು ಒಂದು ಮಿಲಿಮೀಟರ್ ಅಲ್ಲಾಡಿದರೂ ಸ್ಟ್ಯಾಕ್ ಕೆಟ್ಟಂತೆ. ಮೂರು ಸಲ ಅರ್ಧಕ್ಕೆ ನಿಲ್ಲಿಸಿ ನಾಲ್ಕನೇ ಸಲಕ್ಕೆ ಪೂರ್ತಿ ಮೂವತ್ತು ಬಂದವು. ಹೊಳೆಯ ಸದ್ದು, ಮಂಡಿಯ ಕೆಳಗಿನ ಒದ್ದೆ ಮಣ್ಣು, ಲೆನ್ಸಿನಿಂದ ಒಂದು ಗೇಣಿನೊಳಗೆ ಆ ಎರಡು ಕಣ್ಣು. ಅಷ್ಟು ಹೊತ್ತು ಬೇರೇನೂ ನೆನಪಿರಲಿಲ್ಲ.

ಎಂಟಕ್ಕೆಲ್ಲ ಬಿಸಿಲು ಬಂತು. ಡ್ಯಾಮ್ಸೆಲ್‌ಫ್ಲೈ ಹಾರಿಹೋಯಿತು. ಅವಲಕ್ಕಿ ತಿನ್ನಲು ಕೂತ ಮರದಲ್ಲೇ ಕೆಂಪು ಚಗಳಿ ಇರುವೆಗಳ ಗೂಡು ಕಟ್ಟುವ ಕೆಲಸ ನಡೆದಿತ್ತು. ಒಂದರ ನಡು ಇನ್ನೊಂದು ಹಿಡಿದು ಸರಪಳಿಯಾಗಿ ಎರಡು ಎಲೆಗಳನ್ನು ಹತ್ತಿರಕ್ಕೆ ಎಳೆಯುತ್ತಿದ್ದವು. ಎಲೆ ಕೂಡಿದ ಮೇಲೆ ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆಯಿಂದ ಹೊಲಿಯುತ್ತವೆ. ಹೊಲಿದು ಮುಗಿದ ಕಡೆ ಬಿಳಿ ಪೊರೆ ಕಾಣುತ್ತಿತ್ತು.

ಇಲ್ಲಿ ಸ್ಟ್ಯಾಕಿಂಗ್ ಮಾತೇ ಇಲ್ಲ. ಎರಡನೇ ಫ್ರೇಮಿಗೆ ಹೋಗುವಷ್ಟರಲ್ಲಿ ಇರುವೆ ಬೇರೆ ಕಡೆ ಇರುತ್ತದೆ. ಟ್ರೈಪಾಡ್ ಮಡಚಿ, ಬೆಳಕನ್ನು ಮೆದು ಮಾಡುವ ಡಿಫ್ಯೂಸರ್ ಹಾಕಿದ ಫ್ಲ್ಯಾಶ್ ಕಟ್ಟಿ, ಎಫ್ 11 ಇಟ್ಟುಕೊಂಡೆ. ಫ್ಲ್ಯಾಶಿನ ಪವರ್ ಕಡಿಮೆ ಮಾಡಿದರೆ ಬೆಳಕು ಉರಿಯುವುದು ಸೆಕೆಂಡಿನ ಸಾವಿರಾರು ಭಾಗಗಳಲ್ಲಿ ಒಂದು ಭಾಗ ಮಾತ್ರ. ಇರುವೆಯ ಓಟವೂ ನನ್ನ ಕೈ ನಡುಕವೂ ಎರಡೂ ಅದರಲ್ಲಿ ನಿಂತುಬಿಡುತ್ತವೆ. ಫೋಕಸ್ ರಿಂಗ್ ಮುಟ್ಟಬಾರದು. ಮೈಯನ್ನೇ ಮೆಲ್ಲಗೆ ಮುಂದೆ ಹಿಂದೆ ತೂಗಿ, ಕಣ್ಣು ಮಿನುಗಿದ ಕ್ಷಣಕ್ಕೆ ಒತ್ತಬೇಕು. ಇನ್ನೊಂದು ಮುಖ್ಯ ವಿಷಯ. ಇರುವೆಯ ಮೈ ಹೇಗೆ ಚಾಚಿದೆಯೋ ಅದಕ್ಕೆ ಸಮನಾಗಿ ಕ್ಯಾಮೆರಾ ಹಿಡಿದರೆ, ಆ ಒಂದು ಮಿಲಿಮೀಟರ್‌ನಲ್ಲೇ ತಲೆಯಿಂದ ಹಿಂಭಾಗದವರೆಗೆ ಬಹುಪಾಲು ಸಿಗುತ್ತದೆ. ಇದು ಕೈಗೆ ಹತ್ತಲು ನನಗೆ ಎರಡು ವರ್ಷ ಬೇಕಾಯಿತು. ಅವತ್ತು ಇನ್ನೂರು ಸಲ ಒತ್ತಿದೆ, ಆರು ಫೋಟೊ ಉಳಿದವು. ಕುತ್ತಿಗೆಗೆ ನಾಲ್ಕು ಕಡೆ ಕಚ್ಚಿಸಿಕೊಂಡೆ. ನಾವು ಅವುಗಳ ಮನೆ ಬಾಗಿಲಲ್ಲೇ ನಿಂತಿದ್ದೆವಲ್ಲ.

ಸ್ಟ್ಯಾಕ್‌ಗೆ ಅಲ್ಲಾಡದಿರಲಿ ಎಂದು ಕೆಲವರು ಹುಳವನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬ್ರಿಟನ್ನಿನ ಫೋಟೊಗ್ರಾಫರ್ ಲೆವೊನ್ ಬಿಸ್ ಒಂದೊಂದು ಕೀಟಕ್ಕೆ ಸಾವಿರಾರು ಫೋಟೊ ತೆಗೆದು ಜೋಡಿಸಿದ ಚಿತ್ರಗಳನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಆದರೆ ಅವು ಆಕ್ಸ್‌ಫರ್ಡ್ ಮ್ಯೂಸಿಯಮ್ಮಿನಲ್ಲಿದ್ದ ಸತ್ತ ಕೀಟಗಳು. ಜೀವಂತ ಹುಳಕ್ಕೆ ಆ ಸ್ಪಷ್ಟತೆ ಬೇಕೆಂದು ಅದನ್ನು ಹಿಂಸಿಸುವುದು ಯಾಕೆ? ಅದು ತಾನಾಗಿ ಸುಮ್ನೆ ಕೂತರೆ ಸ್ಟ್ಯಾಕ್. ಇಲ್ಲದಿದ್ದರೆ ಒಂದೇ ಶಾಟ್.

ಸಂಜೆ ವಾಸ್ಕೊದಲ್ಲಿ ಲ್ಯಾಪ್‌ಟಾಪ್ ತೆರೆದು ಮೂವತ್ತು ಫ್ರೇಮನ್ನು ಝೆರೀನ್ ಸ್ಟ್ಯಾಕರ್ ಎಂಬ ಸಾಫ್ಟ್‌ವೇರ್‌ಗೆ ಹಾಕಿದೆ. ಅದರಲ್ಲಿ ಜೋಡಿಸುವ ಎರಡು ಬಗೆ ಇವೆ. ಪಿಮ್ಯಾಕ್ಸ್ ಒಂದರ ಮೇಲೊಂದು ಹಾಯ್ದ ರೋಮಗಳನ್ನು ಚೆನ್ನಾಗಿ ಬಿಡಿಸುತ್ತದೆ, ಡಿಮ್ಯಾಪ್ ಬಣ್ಣವನ್ನು ಇದ್ದಹಾಗೆ ಉಳಿಸುತ್ತದೆ. ಎರಡರಲ್ಲೂ ಮಾಡಿ ನೋಡಿದೆ. ಬೆನ್ನಿನ ರೋಮ, ರೆಕ್ಕೆಯ ನರ, ಇಬ್ಬನಿಯ ಹನಿ ಎಲ್ಲವೂ ಬಂದಿತ್ತು. ಆದರೆ ಎಡಗಣ್ಣಿನ ಮೇಲೆ ಹೊಗೆಯಂಥ ಒಂದು ಗೆರೆ. ಎರಡರಲ್ಲೂ ಅದೇ ಜಾಗದಲ್ಲಿ.

ಲೆನ್ಸಿನ ಕೊಳೆಯೇ ಇರಬೇಕೆಂದುಕೊಂಡು ಫ್ರೇಮುಗಳನ್ನು ಒಂದೊಂದಾಗಿ ಸರಿಸಿದೆ. ನಾಲ್ಕನೆಯದರಲ್ಲಿ ಏನೂ ಇರಲಿಲ್ಲ. ಐದನೆಯದರಲ್ಲಿ ಮುಂಗಾಲು ಎದ್ದಿತ್ತು. ಏಳನೆಯದರಲ್ಲಿ ಆ ಕಾಲು ಕಣ್ಣಿನ ಮೇಲೇ ಇತ್ತು, ಇಬ್ಬನಿ ಒರೆಸುತ್ತಿತ್ತು. ಒಂಬತ್ತರ ಹೊತ್ತಿಗೆ ಕೆಳಗಿಳಿದಿತ್ತು. ನಾನು ಉಸಿರು ಬಿಗಿಹಿಡಿದು ಗಾಳಿಯನ್ನಷ್ಟೇ ನೋಡುತ್ತಿದ್ದಾಗ ಅದು ಮುಖ ತೊಳೆದುಕೊಂಡಿದೆ.

ಕಾಕು ಹಿಂದೆ ಬಂದು ನಿಂತಿದ್ದರು. "ಇದೇನು, ಕಣ್ಣ್ ತಿಕ್ಕೊಳ್ಳಾಕತ್ತೈತಲ್ಲೋ!" ಎಂದು ಬಗ್ಗಿ ನೋಡಿದರು. ಬೆನ್ನು, ರೆಕ್ಕೆ ಎಲ್ಲ ಮಸುಕಾಗಿದ್ದ ಆ ಏಳನೇ ಫ್ರೇಮನ್ನು ಬೇರೆ ಮಾಡಿ ಅವರ ಫೋನಿಗೆ ಕಳಿಸಿದೆ.