ಅಡಿಸ್ ಅಬಾಬಾದಲ್ಲಿ ಮಗನಿಗೆ ಸ್ಕೂಲ್ ಸೀಟು: ‘ಇನ್‌ಕ್ಲೂಸಿವ್’ ಅನ್ನೋ ಬೋರ್ಡಿನ ಹಿಂದೆ

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಇಂಟರ್‌ನ್ಯಾಷನಲ್ ಸ್ಕೂಲ್‌ಗೇನೂ ಬರ ಇಲ್ಲ. ಆಫ್ರಿಕನ್ ಯೂನಿಯನ್ ಹೆಡ್ ಆಫೀಸ್ ಇರೋದು ಇಲ್ಲೇ, ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗ 1958ರಿಂದ ಇಲ್ಲೇ, ಎಂಬೆಸಿಗಳಂತೂ ಕೇಳೋದೇ ಬೇಡ. ಹಾಗಾಗಿ ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟೋ ಮನೆಗಳ ಮಕ್ಕಳು ಯಾವಾಗ್ಲೂ ಬರ್ತಾನೇ ಇರ್ತಾರೆ. ಓಲ್ಡ್ ಏರ್‌ಪೋರ್ಟ್ ಕಡೆ ಐಸಿಎಸ್ (ಇಂಟರ್‌ನ್ಯಾಷನಲ್ ಕಮ್ಯುನಿಟಿ ಸ್ಕೂಲ್) ಇದೆ, ಬ್ರಿಟಿಷರು ಶುರು ಮಾಡಿದ ಸ್ಯಾಂಡ್‌ಫೋರ್ಡ್ ಇದೆ, ಫ್ರೆಂಚರ ಲಿಸೆ ಗೆಬ್ರೆ ಮರಿಯಂ, ಮಿಷನರಿಗಳ ಬಿಂಗಮ್, ಜರ್ಮನ್ ಎಂಬೆಸಿಯವರದ್ದೊಂದು, ನಮ್ಮ ಇಂಡಿಯನ್ ಸಮುದಾಯದ್ದೇ ಒಂದು. ಇವೆಲ್ಲ ಎಲ್ರಿಗೂ ಗೊತ್ತಿರೋ ಹೆಸರು ಅಂತ ಹೇಳಿದೆ ಅಷ್ಟೆ, ನಾವು ಹತ್ತಿ ಇಳಿದ ಸ್ಕೂಲ್‌ಗಳು ಯಾವುವು ಅಂತ ಇಲ್ಲಿ ಬರಿಯಲ್ಲ, ದಯವಿಟ್ಟು ಊಹೆ ಮಾಡಕ್ಕೆ ಹೋಗ್ಬೇಡಿ.

ನಮ್ಮ ಪ್ರಾಬ್ಲಂ ಬೇರೆ. ಮಗನಿಗೆ ಆಟಿಸಂ. ಮಾತು ಬರತ್ತೆ, ಆದ್ರೆ ಅವನಿಗೆ ಬೇಕಾದಾಗ ಬರತ್ತೆ. ಇಂಥ ಮಗುನ ಕರ್ಕೊಂಡು ಸ್ಕೂಲ್ ಹುಡುಕೋರಿಗೆ ವೆಬ್‌ಸೈಟ್ ನೋಡಿದ್ರೆ ಸ್ವರ್ಗ ಕಾಣತ್ತೆ, ಎಲ್ಲರೂ ಇನ್‌ಕ್ಲೂಸಿವ್ (ಅಂದ್ರೆ ಎಲ್ಲ ಥರದ ಮಕ್ಕಳನ್ನೂ ಜೊತೆಗೆ ಸೇರಿಸ್ಕೊಳ್ಳೋರು), ಎಲ್ಲರೂ ‘ಪ್ರತಿ ಮಗುವೂ ವಿಶೇಷ’. ನಿಜ ಗೊತ್ತಾಗೋದು ಅಡ್ಮಿಷನ್ ಪ್ರೋಸೆಸ್ ಶುರುವಾದ ಮೇಲೆ, ಅದಕ್ಕೇ ಈ ಪೋಸ್ಟ್. ನನ್ನ ಮಟ್ಟಿಗೆ ಹೇಳೋದಾದ್ರೆ ಒಂದು ಸ್ಕೂಲ್ ಎಷ್ಟು ಇನ್‌ಕ್ಲೂಸಿವ್ ಅಂತ ತಿಳ್ಕೊಳ್ಳೋಕೆ ಕ್ಲಾಸ್‌ರೂಂ ಟೂರ್, ಸೆನ್ಸರಿ ರೂಂನಲ್ಲಿರೋ ಉಯ್ಯಾಲೆ ಇವೆಲ್ಲ ಬೇಡ, ಅವ್ರ ಫಾರ್ಮ್ ನೋಡಿ ಸಾಕು, ದುಡ್ಡು ಯಾವಾಗ ಕೇಳ್ತಾರೆ ನೋಡಿ ಸಾಕು.

ಮಾಮೂಲಿ ದಾರಿ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಅರ್ಜಿ, ವಾಪಸ್ ಬರದ ಅಪ್ಲಿಕೇಷನ್ ಫೀ, ಬರ್ತ್ ಸರ್ಟಿಫಿಕೇಟು, ಪಾಸ್‌ಪೋರ್ಟು, ಅಪ್ಪ ಅಮ್ಮನ ರೆಸಿಡೆನ್ಸ್ ಐಡಿ, ವ್ಯಾಕ್ಸಿನ್ ಕಾರ್ಡು, ಹಿಂದಿನ ಎರಡು ವರ್ಷದ ರಿಪೋರ್ಟ್ ಕಾರ್ಡು, ಹಳೇ ಸ್ಕೂಲಿನ ಟೀಚರ್ ನಮಗೆ ತೋರಿಸದೇ ನೇರ ಇವ್ರಿಗೇ ಕಳಿಸಬೇಕಾದ ಗುಟ್ಟಿನ ಪತ್ರ. ಆಮೇಲೆ ಮಗುಗೆ ಟೆಸ್ಟು, ದೊಡ್ಡ ಮಕ್ಕಳಾದ್ರೆ ಕಂಪ್ಯೂಟರ್ ಮುಂದೆ, ಚಿಕ್ಕೋರಾದ್ರೆ ಆಟದ ನೆಪದಲ್ಲಿ. ಆಮೇಲೆ ಕಮಿಟಿ, ಆಮೇಲೆ ಆಫರ್ ಲೆಟರ್, ಆಮೇಲೆ ಡೆಪಾಸಿಟ್.

ಬರ್ತ್ ಸರ್ಟಿಫಿಕೇಟ್ ಅಂದಾಗ ನೆನಪಾಯ್ತು. ಇಥಿಯೋಪಿಯಾದ ಕ್ಯಾಲೆಂಡರ್ ನಮಗಿಂತ ಏಳೆಂಟು ವರ್ಷ ಹಿಂದೆ, ಹದಿಮೂರು ತಿಂಗಳು, ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ. ಎಲ್ಲ ಫಾರ್ಮ್‌ನಲ್ಲೂ ತಾರೀಖಿನ ಪಕ್ಕ ಇಸಿನಾ ಜಿಸಿನಾ ಅಂತ ಟಿಕ್ ಮಾಡಬೇಕು, ಇಸಿ ಅಂದ್ರೆ ಅವ್ರದ್ದು, ಜಿಸಿ ಅಂದ್ರೆ ನಮ್ಮದು. ನನ್ನ ಮಗ ಹುಟ್ಟಿದ್ದು 2017ರಲ್ಲಿ, ನಾವು ಅರ್ಜಿ ಹಾಕಿದಾಗ ಇಲ್ಲಿ ನಡೀತಿದ್ದ ವರ್ಷವೂ 2017! ಮೈಸೂರು ಕಾರ್ಪೊರೇಷನ್ ಸರ್ಟಿಫಿಕೇಟ್ ನೋಡಿದ ಆಫೀಸಿನ ಹುಡುಗಿ ಒಂದು ನಿಮಿಷ ನನ್ನ ಮುಖ ನೋಡಿದ್ಳು, ಇವನನ್ನ ನೋಡಿದ್ಳು, ಈ ವರ್ಷ ಹುಟ್ಟಿದ ಮಗು ಇಷ್ಟೆತ್ತರ ಬೆಳೆದಿದಾನಾ ಅಂತ ನಕ್ಳು. ಅಪಾಯಿಂಟ್‌ಮೆಂಟ್ ಟೈಮೂ ಹಾಗೇ, ಫೋನಲ್ಲಿ ‘ಮೂರು ಗಂಟೆ’ ಅಂದ್ರೆ ಬೆಳಗ್ಗೆ ಒಂಬತ್ತಿರಬಹುದು, ಇಲ್ಲಿ ಗಂಟೆ ಲೆಕ್ಕ ಸೂರ್ಯ ಹುಟ್ಟಿದ ಮೇಲಿಂದ, ಸೋ ಒಂದ್ಸಲ ಕನ್ಫರ್ಮ್ ಮಾಡ್ಕೊಳ್ಳಿ.

ಈಗ ವಿಷಯಕ್ಕೆ. ಒಂದು ಸ್ಕೂಲ್‌ನ ಫಾರ್ಮ್‌ನಲ್ಲಿ ನನ್ನ ಮಗನಿಗೆ ಸಂಬಂಧಪಟ್ಟಿದ್ದು ಒಂದೇ ಸಾಲು, ‘ವಿಶೇಷ ಅಗತ್ಯ ಇದೆಯೇ, ಹೌದು/ಇಲ್ಲ’. ಹೌದು ಅಂತ ಬರೆದು ಕಳಿಸಿದ್ವಿ, ಅಪ್ಲಿಕೇಷನ್ ಫೀ ತಗೊಂಡ್ರು, ವಾರಗಟ್ಟಲೆ ಸುದ್ದಿ ಇಲ್ಲ, ಆಮೇಲೆ ಆ ಕ್ಲಾಸ್ ಫುಲ್ ಅಂತ ಮೇಲ್ ಬಂತು. ಅದೇ ಕ್ಲಾಸ್‌ಗೆ ನಮ್ಮ ಅಪಾರ್ಟ್‌ಮೆಂಟಿನ ಕೀನ್ಯಾದವರ ಮಗಳಿಗೆ ಅದಾದ್ಮೇಲೆ ಸೀಟ್ ಸಿಕ್ತು, ಅವ್ರಿಗೇನು ಗೊತ್ತು ಪಾಪ, ಖುಷಿಯಿಂದ ಕೇಕ್ ಕೊಟ್ಟು ಹೋದ್ರು. ಬಾಯಿಬಿಟ್ಟು ‘ಆಗಲ್ಲ’ ಅಂತ ಇಲ್ಲಿ ಯಾರೂ ಹೇಳಲ್ಲ. ಕ್ಲಾಸ್ ಫುಲ್, ಕೌನ್ಸೆಲರ್ ಇನ್ನೂ ಬಂದಿಲ್ಲ, ಮುಂದಿನ ವರ್ಷ ನೋಡೋಣ, ಅವನಿಗೆ ‘ಹೊಂದೋ’ ಸ್ಕೂಲ್ ಬೇರೆ ಇರಬಹುದು ಅಂತ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿ ಕಳಿಸ್ತಾರೆ.

ಇನ್ನೊಂದು ಕಡೆ ತಗೋತೀವಿ ಅಂದ್ರು, ಆದ್ರೆ ಶ್ಯಾಡೋ ಟೀಚರ್ (ಕ್ಲಾಸಲ್ಲಿ ಮಗನ ಜೊತೆಗೇ ಇದ್ದು ನೋಡ್ಕೊಳ್ಳೋರು) ನಾವೇ ಹುಡುಕ್ಬೇಕು, ಸಂಬಳ ನಾವೇ ಕೊಡ್ಬೇಕು, ಅವರು ರಜಾ ಹಾಕಿದ ದಿನ ಮಗನೂ ರಜಾ. ಫೀ ಮಾತ್ರ ಎಲ್ಲ ಮಕ್ಕಳಷ್ಟೇ. ಮೇಲಿಂದ ಮನೇಲಿ ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಮಾತಾಡಿ ಅಂತ ಸಲಹೆ ಬೇರೆ! ಎರಡು ಭಾಷೆ ಇದ್ರೆ ಇಂಥ ಮಕ್ಕಳಿಗೆ ತೊಂದ್ರೆ ಆಗಲ್ಲ ಅಂತ ಮೈಸೂರಲ್ಲಿ ನಮ್ಮ ಥೆರಪಿಸ್ಟ್ ಮೊದಲೇ ಹೇಳಿ ಕಳಿಸಿದ್ರು, ಅಜ್ಜಿ ಜೊತೆ ವಿಡಿಯೋ ಕಾಲಲ್ಲಿ ಅವನು ಆಡೋ ನಾಲ್ಕು ಮಾತನ್ನೂ ಕಿತ್ಕೊಂಡು ನಾನು ಯಾವ ಇಂಗ್ಲಿಷ್ ಕಲಿಸ್ಲಿ? ಅಲ್ಲಿಂದ ಎದ್ದು ಬಂದ್ವಿ.

ಕೊನೆಗೆ ಸೇರಿಸಿದ ಸ್ಕೂಲ್ ತುಂಬ ದೊಡ್ಡದಲ್ಲ. ಅವ್ರ ಫಾರ್ಮ್‌ನಲ್ಲಿ ಪ್ರಶ್ನೆಗಳೇ ಬೇರೆ ಥರ. ಯಾವ ಸದ್ದಿಗೆ ಕಿವಿ ಮುಚ್ಕೋತಾನೆ, ಅಳು ಬಂದಾಗ ಯಾರು ಬೇಕು, ಊಟದಲ್ಲಿ ಏನು ಮುಟ್ಟಲ್ಲ, ಬಾತ್‌ರೂಂಗೆ ಹೇಗೆ ಕೇಳ್ತಾನೆ, ಯಾವ ಭಾಷೆಯಲ್ಲಿ ಕೇಳ್ತಾನೆ. ನಾನು ‘ಉಚ್ಚೆ’ ಅಂತಾನೆ ಅಂತ ಬರೆದ್ರೆ ಅದನ್ನ ಇಲ್ಲಿನ ಅಮ್ಹಾರಿಕ್ ಭಾಷೆಯ ಲಿಪಿಯಲ್ಲಿ ಬರ್ಕೊಂಡು ಕ್ಲಾಸ್ ಅಸಿಸ್ಟೆಂಟ್‌ಗೆ ಓದಿಸಿದ್ರು! ರಿಪೋರ್ಟ್‌ಗಳನ್ನ ಲರ್ನಿಂಗ್ ಸಪೋರ್ಟ್ ಟೀಚರ್ ಮೊದಲೇ ಓದಿ, ನಮ್ಮನ್ನ ಕೂರಿಸ್ಕೊಂಡು ಮಾತಾಡಿದ ಮೇಲೇ ಫೀ ವಿಷಯ.

ಆಮೇಲೆ ಮಗನಿಗೆ ಕರೆದಿದ್ದು ಟೆಸ್ಟ್‌ಗಲ್ಲ, ಒಂದು ಬೆಳಗ್ಗೆ ಪೂರ್ತಿ ಕ್ಲಾಸಲ್ಲಿ ಇರೋಕೆ. ಅವನು ಒಳಗೆ ಹೋದವನೇ ಯಾರನ್ನೂ ನೋಡದೇ ಜೇಬಿಂದ ಅಂಬೊ ನೀರಿನ ಬಾಟಲಿ ಮುಚ್ಚಳ ತೆಗೆದು (ಅಂಬೊ ಅಂದ್ರೆ ಇಲ್ಲಿನ ಗುಳ್ಳೆ ಬರೋ ಮಿನರಲ್ ವಾಟರ್, ಎಲ್ಲ ಹೋಟೆಲ್‌ನಲ್ಲೂ ಇರತ್ತೆ, ಮುಚ್ಚಳ ಕಂಡ್ರೆ ಇವನು ಬಿಡಲ್ಲ) ನೆಲದ ಮೇಲೆ ಸಾಲಾಗಿ ಇಡೋಕೆ ಶುರು ಮಾಡಿದ. ನನಗೆ ಎದೆ ಢವಢವ. ಟೀಚರ್ ಹೆಸರು ಕೇಳಲಿಲ್ಲ, ಬಣ್ಣ ತೋರಿಸಿ ಇದೇನು ಅನ್ನಲಿಲ್ಲ, ಅವನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ತನ್ನ ಹತ್ರ ಇದ್ದ ಒಂದು ಮುಚ್ಚಳನ ಸಾಲಿನ ಕೊನೆಗಿಟ್ರು. ಇವನು ಅದನ್ನ ತೆಗೆದು ಪಕ್ಕಕ್ಕೆ ಹಾಕಿದ. ಅವ್ರು ಮತ್ತೆ ಇಟ್ರು, ಈ ಸಲ ತಲೆಕೆಳಗಾಗಿ, ಉಳಿದದ್ದೆಲ್ಲ ಹೇಗಿತ್ತೋ ಹಾಗೆ. ಇವನು ನೋಡಿದ, ಬಿಟ್ಟ. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಬಂದು ಕೂತ್ಕೊಂಡ, ಅವನಿಗೂ ಒಂದು ಮುಚ್ಚಳ ಸಿಕ್ತು. ಮಧ್ಯಾಹ್ನ ನಮ್ಮ ಕೈಗೆ ಕೊಟ್ಟ ಹಾಳೆಯಲ್ಲಿ ‘ಸರದಿ ಕಾಯ್ತಾನೆ, ನಿಯಮ ಇವನಿಗೆ ಅರ್ಥ ಆದ್ರೆ’ ಅಂತ ಬರೆದಿತ್ತು. ಹಿಂದೆ ಎಷ್ಟೋ ರಿಪೋರ್ಟ್ ನೋಡಿದೀನಿ, ಇವನಿಗೆ ಏನು ಬರಲ್ಲ ಅನ್ನೋ ಪಟ್ಟಿಯೇ ಎಲ್ಲ.

ಹಾಗಂತ ಎಲ್ಲ ಚೆನ್ನಾಗಿದೆ ಅಂತ ಅಲ್ಲ. ಆಫರ್ ಲೆಟರ್‌ನಲ್ಲಿ ‘ಪ್ರತಿ ಟರ್ಮ್ ಮುಂದುವರಿಕೆ ಪರಿಶೀಲಿಸಲಾಗುವುದು’ ಅಂತ ಒಂದು ಸಾಲು ಇತ್ತು. ಯಾರು ಪರಿಶೀಲಿಸೋದು, ಯಾವ ಆಧಾರದ ಮೇಲೆ, ನಾವು ಮೀಟಿಂಗ್‌ನಲ್ಲಿ ಇರ್ತೀವಾ ಅಂತ ಯಜಮಾನ್ರು ಕೂತು ಬರೆಸ್ಕೊಂಡ್ರು. ಸೀಟ್ ಕೊಡೋದು ಸುಲಭ, ಮಧ್ಯದಲ್ಲಿ ಕಳಿಸೋದೂ ಅಷ್ಟೇ ಸುಲಭ ಅಲ್ವಾ. ಫೀ ಬಗ್ಗೆನೂ ಕೇಳಿ, ಡಾಲರಲ್ಲೋ ಇಲ್ಲಿನ ದುಡ್ಡು ಬಿರ್‌ನಲ್ಲೋ ಅಂತ. 2024ರ ಜುಲೈಯಲ್ಲಿ ಸರ್ಕಾರ ಬಿರ್‌ನ ಬೆಲೆನ ಮಾರ್ಕೆಟ್‌ಗೆ ಬಿಟ್ಟ ಮೇಲೆ ಡಾಲರ್‌ಗೆ ಐವತ್ತೇಳರ ಹತ್ರ ಇದ್ದಿದ್ದು ನೋಡನೋಡ್ತಾ ನೂರು ದಾಟ್ತು. ನಮ್ಮ ಫೀ ಕಂಪನಿ ಕಟ್ಟತ್ತೆ, ಬಿರ್‌ನಲ್ಲಿ ದುಡಿದು ಡಾಲರ್ ಲೆಕ್ಕದ ಫೀ ಕಟ್ಟೋ ಇಲ್ಲಿನ ಅಪ್ಪ ಅಮ್ಮಂದಿರ ಗತಿ ಏನು.

ಇದನ್ನ ಯೋಚಿಸಿದ್ರೆ ಸ್ವಲ್ಪ ಕಸಿವಿಸಿ ಆಗತ್ತೆ. ಈ ದೇಶ 2010ರಲ್ಲೇ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ಸೇರಿದೆ, ಆದ್ರೆ ಮಕ್ಕಳ ಸೈಕಿಯಾಟ್ರಿಸ್ಟ್‌ಗಳು ಇರೋದು ಬೆರಳೆಣಿಕೆ. ಇಲ್ಲಿ ಆಟಿಸಂ ಮಕ್ಕಳಿಗೆ ಅಂತ ಮೊದಲ ಬಾಗಿಲು ತೆಗೆದಿದ್ದು ಜೆಮಿ ಯೂನುಸ್ ಅನ್ನೋ ತಾಯಿ. ಅಮೆರಿಕದಿಂದ ವಾಪಸ್ ಬಂದು ಬ್ಯೂಟಿ ಸ್ಕೂಲ್ ನಡೆಸ್ತಿದ್ರಂತೆ, ಮಗನನ್ನ ಒಂದಾದ ಮೇಲೊಂದು ಸ್ಕೂಲಿಂದ ಹೊರಗೆ ಹಾಕಿದ ಮೇಲೆ 2002ರಲ್ಲಿ ತಾವೇ ಜಾಯ್ ಸೆಂಟರ್ ಶುರು ಮಾಡಿದ್ರು, ಅದೂ ಮಗುಗೆ ಆಟಿಸಂ ಅಂದ್ರೆ ಶಾಪ, ದೆವ್ವ ಅಂತ ಮನೇಲಿ ಬಚ್ಚಿಡೋ ಕಾಲದಲ್ಲಿ. 2021ರಲ್ಲಿ ಕೋವಿಡ್‌ನಲ್ಲಿ ಹೋಗ್ಬಿಟ್ರು. ನಮ್ಮ ಮನೆಗೆಲಸಕ್ಕೆ ಬರೋ ಹುಡುಗಿಗೆ ಅವ್ರು ಗೊತ್ತು, ಟೀವಿಯಲ್ಲಿ ನೋಡಿದಾಳೆ, ಅವ್ಳ ಊರಲ್ಲೂ ನನ್ನ ಮಗನ ಥರದ್ದೇ ಒಬ್ಬ ಹುಡುಗ ಇದಾನಂತೆ. ಅವನು ಯಾವ ಸ್ಕೂಲು ಅಂತ ಕೇಳ್ದೆ. ಸುಮ್ನೆ ನಕ್ಳು.

ಇಲ್ಲಿಗೆ ಬರೋರಿದ್ರೆ ಒಂದು ಮಾತು. ಅಸೆಸ್‌ಮೆಂಟ್ ರಿಪೋರ್ಟ್ ಊರಲ್ಲೇ ಮಾಡಿಸ್ಕೊಂಡು ಬನ್ನಿ. ನಾವು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಿದ್ದು ಇಲ್ಲಿ ಎಲ್ರೂ ಒಪ್ಕೊಂಡ್ರು. ಇಲ್ಲಿ ಡಾಕ್ಟರ್ ಹುಡುಕಿ ಕ್ಯೂ ನಿಂತು ಮಾಡಿಸೋ ಹೊತ್ತಿಗೆ ಆಗಸ್ಟ್ ಬಂದು ಕ್ಲಾಸ್ ಶುರುವಾಗಿರತ್ತೆ. ರಿಪೋರ್ಟ್ ಹಳೇದಾಗಿರಬಾರದು, ಎರಡು ಮೂರು ವರ್ಷದೊಳಗಿನದ್ದು ಇರ್ಲಿ, ಹಳೇ ಟೀಚರ್ ಇಮೇಲ್ ಐಡಿ ತಗೊಂಡಿರಿ, ರಜಾ ಶುರುವಾದ್ರೆ ಅವ್ರು ಫೋನ್ ಎತ್ತಲ್ಲ. ವ್ಯಾಕ್ಸಿನ್ ಕಾರ್ಡ್‌ನಲ್ಲಿ ತಾರೀಖಿನ ಪಕ್ಕ ಜಿಸಿ ಅಂತ ನೀವೇ ಪೆನ್ಸಿಲ್‌ನಲ್ಲಿ ಬರ್ಕೊಂಡ್ಬಿಡಿ. ಮಕ್ಕಳ ವಯಸ್ಸು, ಏನು ಕಷ್ಟ ಅಂತ ಕಾಮೆಂಟ್‌ನಲ್ಲಿ ಹಾಕ್ಬೇಡಿ, ನನಗೆ ಮೆಸೇಜ್ ಮಾಡಿ, ಗೊತ್ತಿದ್ದಷ್ಟು ಹೇಳ್ತೀನಿ.