ಪಾಲಂನಲ್ಲಿ ಕಂಡ ಚಕ್ರವಿಲ್ಲದ ವಿಮಾನ

ದೆಹಲಿಯ ಪಾಲಂನಲ್ಲಿರುವ ವಾಯುಪಡೆ ವಸ್ತುಸಂಗ್ರಹಾಲಯಕ್ಕೆ ನಾನು ಹೋದದ್ದು ಅಣ್ಣನ ಮಗನಿಗೆ ಮಾರುತ್ ತೋರಿಸಲು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಯುದ್ಧವಿಮಾನವಲ್ಲವೇ, ನನಗೆ ಅದರ ಮೇಲೆ ತುಸು ಅಭಿಮಾನ ಹೆಚ್ಚು. ಅವನೋ ಒಂದು ಗಿಡ್ಡ ವಿಮಾನದ ಮುಂದೆ ನಿಂತುಬಿಟ್ಟಿದ್ದ.

"ಚಿಕ್ಕಪ್ಪ, ಇದಕ್ಕೆ ಚಕ್ರವೇ ಇಲ್ಲವಲ್ಲ!"

ಇಲ್ಲ, ಬೇಕಾಗಿಯೂ ಇರಲಿಲ್ಲ. ಅದು ಶತ್ರು ಹಡಗಿಗೆ ಪೈಲಟ್ ಸಮೇತ ಅಪ್ಪಳಿಸಲೆಂದೇ ಜಪಾನ್ ನೌಕಾಪಡೆ 1944ರಲ್ಲಿ ರೂಪಿಸಿದ ಓಕಾ. ಉದ್ದ ಆರು ಮೀಟರ್, ರೆಕ್ಕೆ ಪ್ಲೈವುಡ್ಡಿನದು. ಮೂತಿಯಲ್ಲಿ 1,200 ಕಿಲೋ ತೂಕದ ಸಿಡಿತಲೆ, ಬಾಲದಲ್ಲಿ ಘನ ಇಂಧನದ ಮೂರು ರಾಕೆಟ್‌ಗಳು. ಅವು ಉರಿಯುತ್ತಿದ್ದದ್ದು ಹತ್ತು ಸೆಕೆಂಡಿನ ಆಸುಪಾಸು. ಸಿಡಿತಲೆಗೂ ರಾಕೆಟ್‌ಗೂ ನಡುವೆ ಒಬ್ಬ ಪೈಲಟ್. ಆ ಕುಳಿಯ ಇಕ್ಕಟ್ಟು ನೋಡಿದರೇ ಉಸಿರು ಕಟ್ಟುತ್ತದೆ. 1943ರಲ್ಲೇ ಜರ್ಮನರು ರೇಡಿಯೊ ನಿಯಂತ್ರಿತ ಬಾಂಬಿನಿಂದ ಇಟಲಿಯ ರೋಮಾ ನೌಕೆಯನ್ನು ಮುಳುಗಿಸಿದ್ದರು. ಇಲ್ಲಿ ಆ ರೇಡಿಯೊ ಕೆಲಸಕ್ಕೆ ಮನುಷ್ಯನನ್ನೇ ಕೂರಿಸಿದರು.

"ಮತ್ತೆ ಕಲಿಯುತ್ತಿದ್ದದ್ದು ಹೇಗೆ?" ಎಂದ ಹುಡುಗ. ಅದಕ್ಕೆಂದೇ ಕೆ-1 ಎಂಬ ಎಂಜಿನ್ ಇಲ್ಲದ ಮಾದರಿಯಿತ್ತು. ಸಿಡಿತಲೆಯ ಬದಲು ನೀರು ತುಂಬಿ, ಇಳಿಯುವ ಮೊದಲು ಅದನ್ನು ಚೆಲ್ಲಿ, ಹೊಟ್ಟೆಯಡಿಯ ಹಲಗೆಯ ಮೇಲೆ ಜಾರುತ್ತ ನೆಲ ಮುಟ್ಟಬೇಕು. ಮುಂದೆಂದೂ ಇಳಿಯದವರಿಗೆ ಇಳಿಯುವ ಪರೀಕ್ಷೆ!

ಓಕಾ ಹಾರಬಲ್ಲ ದೂರ ಹೆಚ್ಚೆಂದರೆ 37 ಕಿಲೋಮೀಟರ್. ಹಾಗಾಗಿ ಮಿತ್ಸುಬಿಷಿ ಜಿ4ಎಂ ಬಾಂಬರ್ ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಶತ್ರು ಹಡಗುಗಳ ಹತ್ತಿರಕ್ಕೆ ಒಯ್ಯಬೇಕಿತ್ತು. ಗುಂಡು ತಗುಲಿದರೆ ಥಟ್ಟನೆ ಹೊತ್ತಿಕೊಳ್ಳುವ ಬಾಂಬರ್ ಅದು. ಮೇಲೆ ಎರಡು ಟನ್ ಮೀರಿದ ಹೊರೆ. 1945ರ ಮಾರ್ಚ್ 21ರಂದು ನೊನಾಕಾ ಗೊರೊ ನೇತೃತ್ವದಲ್ಲಿ ಹದಿನೆಂಟು ಬಾಂಬರ್‌ಗಳು ಹೊರಟವು. ಕಾವಲಿಗಿದ್ದ ಜೀರೊ ವಿಮಾನಗಳಲ್ಲಿ ಹಲವು ಎಂಜಿನ್ ಕೈಕೊಟ್ಟು ಹಿಂದಿರುಗಿದವು. ಅಮೆರಿಕದ ಹೆಲ್‌ಕ್ಯಾಟ್ ಯುದ್ಧವಿಮಾನಗಳು ಹದಿನೆಂಟು ಬಾಂಬರ್‌ಗಳನ್ನೂ ಹೊಡೆದುರುಳಿಸಿದವು. ಒಂದು ಓಕಾ ಕೂಡ ಗುರಿಯ ಸಮೀಪಕ್ಕೆ ಬರಲಿಲ್ಲ.

ಏಪ್ರಿಲ್ 12ರಂದು ಒಕಿನಾವಾ ಬಳಿ ಮ್ಯಾನರ್ಟ್ ಎಲ್. ಏಬಲ್ ಎಂಬ ಅಮೆರಿಕದ ನೌಕೆಯನ್ನು ಓಕಾ ಮುಳುಗಿಸಿದ್ದು ನಿಜ. ಅದನ್ನೇ ಮುಂದಿಟ್ಟು ಇದು ಯಶಸ್ವಿ ಆಯುಧ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಓಕಾ ಪೈಲಟ್‌ಗಳ ಬಲಿದಾನದ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ಅವರನ್ನು ಹೊತ್ತು ಒಯ್ದ ಬಾಂಬರ್‌ಗಳ ಸಿಬ್ಬಂದಿಗೆ ಮರಳಿ ಬರುವ ಆದೇಶವಿತ್ತು. ಆ ಮಾರ್ಚಿನಲ್ಲಿ ಓಕಾ ಪೈಲಟ್‌ಗಳಿಗಿಂತ ಹೆಚ್ಚು ಮಂದಿ ಸತ್ತದ್ದು ಅವರೇ.